ಹರಿಗೋಲು ಕಳೆದುಕೊಂಡ ಗೋಲ್ಕಿ

ಕಾಕಾನ ಬಲಗೈಯ ಕಿರುಬೆರಳು ಹೊರಕ್ಕೆ ಸೊಟ್ಟಗೆ ತಿರುಗಿಕೊಂಡಿತ್ತು. ಚೆಂಡು ಬಡಿದು ಮುರಿದಾಗ ತಾನೇ ಎಳೆದು, ಹರಕು ಬಟ್ಟೆ ಸುತ್ತಿ, ಮತ್ತೆ ಗೋಲಿನ ಮುಂದೆ ನಿಂತ ಆಸಾಮಿ. ನಾವು ಹುಡುಗರೆಲ್ಲ ಕಾಕಾ ಎನ್ನುತ್ತಿದ್ದ ಅವನು ಹಗಲು ಭೀಮಾ ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗ, ಸಂಜೆ ಯಾದಗಿರಿಯ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಗೋಲ್ಕಿ. ನಾನು ಅವನ ಮುಂದೆ ಬ್ಯಾಕ್ ಆಡುತ್ತಿದ್ದೆ. "ತಮ್ಮಾ, ಚೆಂಡ ನೋಡಬ್ಯಾಡ, ಒದಿಯಾವ್ನ ಸೊಂಟ ನೋಡು" ಎಂದು ಬೈಯುತ್ತಲೇ ನನಗೆ ಆಟ ಕಲಿಸಿದ.

ನಿಜಾಮರ ಆಳ್ವಿಕೆಯ ಕೊನೆಗಾಲ. ಸರ್ಕಾರಿ ಸಾಹೇಬರು ಕರೆದಾಗ ಅಂಬಿಗರು ಹೊಳೆ ದಾಟಿಸಬೇಕು, ಕೂಲಿ ಕೇಳುವಂತಿಲ್ಲ. ಅದಕ್ಕೆ ಬಿಟ್ಟಿ ಎಂದು ಹೆಸರು. ಸುತ್ತಲ ಊರುಗಳ ಪಂದ್ಯಾವಳಿಯಲ್ಲಿ ನಮ್ಮ ಕ್ಲಬ್ಬು ಆಗ ಮೇಲಿನ ದರ್ಜೆಯಲ್ಲಿತ್ತು. ಸೋತರೆ ಕೆಳಗಿನ ದರ್ಜೆಗೆ ಎಂಬಂಥ ಕೊನೆಯ ಪಂದ್ಯದ ದಿನ ಸಾಹೇಬರೊಬ್ಬರು ಆಚೆ ದಡದಲ್ಲಿ ಊಟ, ನಿದ್ದೆ ಮುಗಿಸುವವರೆಗೆ ಕಾಕಾನನ್ನು ಕಾಯಿಸಿದರು. ಇಲ್ಲಿ ಗೋಲಿಗೆ ಬೇರೆ ಯಾರೋ ನಿಂತ. ಸೋತು ಕೆಳಗಿನ ದರ್ಜೆಗೆ ಬಿದ್ದೆವು. ಊರು ಬೈದದ್ದು ಸಾಹೇಬರನ್ನಲ್ಲ, ಕಾಕಾನನ್ನು! ಕ್ಲಬ್ಬಿನ ಯಜಮಾನಿಕೆ ನಡೆಸುತ್ತಿದ್ದ ಬಟ್ಟೆ ಅಂಗಡಿ ಸಾಹುಕಾರರು ಗಾದಿಯ ಮೇಲೆ ಕೂತೇ, "ನಿನ್ನಿಂದ ಊರ ಮರ್ಯಾದಿ ಹೋತು" ಅಂದರು.

"ಹೌದ್ರಿ" ಅಂದ ಕಾಕಾ. ಆ "ಹೌದ್ರಿ" ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮರುವರ್ಷ ಶಹಾಪುರ, ಸೈದಾಪುರ ಎಂದು ಕಂಡಕಂಡ ಬಯಲಿನಲ್ಲಿ ಆಡಿದೆವು. "ಬಿದ್ದವ್ರು ಬಂದ್ರು" ಎಂದು ಹೋದಲ್ಲೆಲ್ಲ ನಗುತ್ತಿದ್ದರು. ಕಾಕಾ ಗೋಲಿನ ಮುಂದಿನ ಕಲ್ಲು ಆರಿಸಿ ಎಸೆದು, ಕೈಗೆ ಮಣ್ಣು ತಿಕ್ಕಿಕೊಂಡು ಆಟಕ್ಕೆ ನಿಲ್ಲುತ್ತಿದ್ದ. ಕೊನೆಯ ಪಂದ್ಯ ನಮ್ಮೂರಲ್ಲೇ, ರಂಗಂಪೇಟೆಯವರ ಮೇಲೆ. ಗೆದ್ದರೆ ಮತ್ತೆ ಮೇಲಕ್ಕೆ. ಆಟ ನಡೆದಿದ್ದಾಗಲೇ ಕಚೇರಿಯ ಚಪರಾಸಿ ಗೋಲಿನ ಹಿಂದೆ ಬಂದು ನಿಂತ.

"ಸಾಹೇಬ್ರು ಹೊಳಿಗಿ ಬಂದಾರ, ನಡಿ."

"ಆಟ ಮುಗಿದ ಮ್ಯಾಲ ಬರ್ತೀನ್ರಿ."

"ಹರಗೋಲ ಜಪ್ತಿ ಆಗ್ತದ ನೋಡು!"

ಕಾಕಾ ತಿರುಗಿಯೂ ನೋಡಲಿಲ್ಲ. "ತಮ್ಮಾ, ಎಡಕ್ಕ ಸರಿ" ಎಂದು ನನ್ನನ್ನು ಗದರಿಸಿದ, ಅಷ್ಟೆ.

ಗೆದ್ದೆವು. ಹಲಗೆ ಬಾರಿಸಿ ಕುಣಿದರು. ಅದೇ ಸಂಜೆ ಹರಿಗೋಲು ಜಪ್ತಿಯಾಯಿತು. ನಾನು ಸಾಹುಕಾರರ ಅಂಗಡಿಗೆ ಓಡಿದೆ. "ಕಚೇರ್ಯಾಗ ಒಂದ ಮಾತ ಹೇಳ್ರಿ, ಅವ್ನ ಹೊಟ್ಟಿಪಾಡದು" ಎಂದು ಬೇಡಿಕೊಂಡೆ. ಅವರು ಪೇಡೆ ಹಂಚುತ್ತಿದ್ದರು. "ಸರ್ಕಾರಕ್ಕ ಎದುರಾಡಿದಾವ್ನ ಇಟ್ಕೊಂಡ್ರ ಕ್ಲಬ್ಬಿಗಿ ತ್ರಾಸ. ಮುಂದ ಬ್ಯಾರೆ ಗೋಲ್ಕಿ ನೋಡೂಣು" ಎಂದು ನನ್ನ ಕೈಗೂ ಒಂದು ಪೇಡೆ ಇಟ್ಟರು. ಎಂಥ ಜನ! ಅದನ್ನು ಅವರ ಗಾದಿಯ ಮೇಲೇ ಇಟ್ಟು ಬಂದೆ. ಮತ್ತೆ ಆ ಕ್ಲಬ್ಬಿಗೆ ಆಡಲಿಲ್ಲ.

ಹೊಳೆ ಬಿಟ್ಟ ಕಾಕಾ ರಾಮಸಮುದ್ರದ ಹೊಲಗಳಲ್ಲಿ ಕೂಲಿ ಮಾಡಿದ. ಒಮ್ಮೆ ಬದುವಿನ ಮೇಲೆ ಕೂತಾಗ ಕೇಳಿದೆ: "ಅವತ್ತ ಹೋಗಿದ್ರ ಹರಗೋಲ ಉಳೀತಿತ್ತಲ್ಲ ಕಾಕಾ?"

"ಅದರ ಹಿಂದಿನ ವರ್ಷ ಹೋಗಿ ನೋಡಿದ್ನಲ್ಲ ತಮ್ಮಾ" ಅಂದ.

ತಗ್ಗದೆ ನಿಲ್ಲುವುದು ಅಂದರೇನೆಂದು ನಾನು ಕಲಿತದ್ದು ಅವನಿಂದ. ಕೆಲವು ವರ್ಷಗಳ ಮೇಲೆ ಕಾಕಾ ಜ್ವರದಲ್ಲಿ ತೀರಿಕೊಂಡ. ಕ್ಲಬ್ಬಿಗೆ ನಾನೇ ಹೋಗಿ ಸುದ್ದಿ ಮುಟ್ಟಿಸಿದೆ. ಮಣ್ಣಿಗೆ ಒಬ್ಬನೂ ಬರಲಿಲ್ಲ. ಅವತ್ತು ಅವರಿಗೆ ಮೇಲಿನ ದರ್ಜೆಯ ಪಂದ್ಯವಿತ್ತಂತೆ.