ಚಿಕ್ಕಮ್ಮನ ನೆಲದಡಿಯ ಸದ್ದು

ನಮ್ಮ ಮನೆಗೆ ಬಾವಿ ಇಲ್ಲ. ಕುಂಬಳೆಯಲ್ಲಿ ಬಸ್ಸು ಹತ್ತಿ, ಆಮೇಲೆ ಜೀಪು ಹಿಡಿದು ಬರುವ ನೆಂಟರು ಮೊದಲು ಕೇಳುವುದೇ "ನೀರಿಗೆ ಎಂತ ಮಾಡ್ತೀರಿ?" ಎಂದು. ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಸುರಂಗ ತೋರಿಸುತ್ತೇನೆ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಜಾಗದ ಕತ್ತಲು ಅದು. ಒಳಗಿನ ಕೆಂಪು ಮುರಕಲ್ಲಿನಿಂದ ಜಿನುಗಿದ ನೀರು ಸಣ್ಣ ಕಣಿಯಲ್ಲಿ ಹರಿದು ಬಂದು ಹೊರಗಿನ ಟಾಂಕಿಗೆ ಬೀಳುತ್ತದೆ. ನಮಗೆ, ದನಗಳಿಗೆ, ತೆಂಗಿಗೆ, ಬಾಳೆಗೆ ಎಲ್ಲದಕ್ಕೂ ಅದೇ ನೀರು. ಬೋರ್‌ವೆಲ್ ಲಾರಿ ನಮ್ಮ ದಾರಿ ಹತ್ತುವುದಿಲ್ಲ. ಸುರಂಗ ಬತ್ತಿದರೆ ಗಂಟುಮೂಟೆ ಕಟ್ಟುವುದೇ.

ಹಾಗೆಂದು ಬತ್ತಲು ಬಿಡುವವರಲ್ಲ ನಾವು. ಬೇಸಿಗೆಯಲ್ಲಿ ನೀರು ಸಪೂರವಾದರೆ ಇನ್ನೂ ಒಂದೆರಡು ಕೋಲು ಒಳಗೆ ಕೊರೆಯುವುದು ಅಜ್ಜನ ಕಾಲದ ಕ್ರಮ. ನೆಟ್ಟಗೇ ಕೊರೆಯಬೇಕೆಂದಿಲ್ಲ, ಪಸೆ ಕಂಡ ಕಡೆಗೆ ತಿರುಗಿದರಾಯಿತು. ಅಜ್ಜ ಕೊರೆದರು, ಸೋದರಮಾವ ಕೊರೆದರು, ಈಗ ನನ್ನ ಗಂಡ ಕೊರೆಯುತ್ತಾರೆ. ಮೇಲೆ ಒಂದು ಗೇಣು ಬೇಲಿ ಸರಿಸಿದರೆ ಕತ್ತಿ ಹಿಡಿದು ನಿಲ್ಲುವ ಜನ ನಾವು. ಕೆಳಗೆ ಎಲ್ಲಿಯವರೆಗೆ ಹೋಗಿದ್ದೇವೆಂದು ಮಾತ್ರ ಒಬ್ಬರೂ ಅಳೆದು ನೋಡಲಿಲ್ಲ.

ಪಾಲಾದಾಗ ಕೆಳಗಿನ ತೋಟ ನನ್ನ ಅಮ್ಮನಿಗೂ ಮೇಲಿನ ಗೇರುಗುಡ್ಡೆ ಅವರ ತಂಗಿಗೂ ಬಂತು. ಗಡಿಕಲ್ಲು ಹಾಕಿದರು, ಊಟ ಮಾಡಿದರು, ಎದ್ದರು. ಸುರಂಗದ ಮಾತು ಯಾರೂ ಎತ್ತಲಿಲ್ಲ. ಬಾಯಿ ನಮ್ಮ ಜಾಗದಲ್ಲಿತ್ತು, ಹಾಗಾಗಿ ಅದು ನಮ್ಮದು. ಅಮ್ಮ ತೀರಿಕೊಂಡ ಮೇಲೆ ಗುಡ್ಡದ ಆಚೆ ಕಡೆಯಿಂದ ರಸ್ತೆ ಬಂತು. ಚಿಕ್ಕಮ್ಮನ ಮಗ ಗಲ್ಫಿನಲ್ಲಿ ದುಡಿದು, ಜೆಸಿಬಿ ತರಿಸಿ, ಗುಡ್ಡದ ಓರೆಯನ್ನು ಕಡಿದು ಸಮ ಮಾಡಿಸಿ ತಾರಸಿ ಮನೆ ಕಟ್ಟಿಸಿದ. ಗುಡ್ಡ ಕಡಿದಾಗ ನೆಲ ಎಷ್ಟು ತೆಳುವಾಯಿತೆಂದು ಯೋಚಿಸುವ ಬುದ್ಧಿ ಆಗ ಅವನಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಆ ಮನೆಯಲ್ಲಿ ಚಿಕ್ಕಮ್ಮ, ಶಾಲೆಯಲ್ಲಿ ಟೀಚರಾಗಿರುವ ಸೊಸೆ ಮತ್ತು ಇನ್ನೂ ಶಾಲೆಗೆ ಸೇರದ ಮೊಮ್ಮಗಳು ಇದ್ದರು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಲಸಿನ ಸೊಳೆ ಕೊಡಲು ಮೇಲೆ ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಕಲ್ಲಿನ ಹೊಸ ಕಟ್ಟೆ ಎದ್ದಿತ್ತು, ಅದರ ಮೇಲೆ ದೀಪ.

"ಇದೆಂತ ಚಿಕ್ಕಮ್ಮಾ?"

ಚಿಕ್ಕಮ್ಮ ಸ್ವರ ತಗ್ಗಿಸಿದರು. "ಒಳಗಿನ ಕೋಣೆಯಲ್ಲಿ ನೆಲದಡಿಯಿಂದ ಬಡಿಯುವ ಸದ್ದು ಮಗಾ. ಬೇಸಿಗೆ ಬಂದರೆ ಸಾಕು, ಮಧ್ಯಾಹ್ನ ಶುರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆವು. ಈ ಜಾಗದ ದೈವಕ್ಕೆ ನೆಲೆ ಇಲ್ಲ, ಹಾಗೆ ಬಡಿಯುವುದಂತೆ. ಕಟ್ಟೆ ಕಟ್ಟಿ ತಂಬಿಲದ ಪೂಜೆ ಕೊಟ್ಟೆವು. ಆದರೂ ನಿಲ್ಲಲಿಲ್ಲ. ಮಗುವನ್ನು ಆ ಕೋಣೆಗೆ ಬಿಡುವುದೇ ಇಲ್ಲ ನಾನು."

"ಹೆಗ್ಗಣ ಇರಬೇಕು, ನೀವೊಂದು," ಎಂದು ತಮಾಷೆ ಮಾಡಿ ಇಳಿದು ಬಂದೆ. ಹಿತ್ತಿಲಿಗೆ ಬರುವಾಗ ನನ್ನ ಗಂಡ ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು, ಪಿಕ್ಕಾಸು ಹಿಡಿದು ಸುರಂಗದಿಂದ ಹೊರಗೆ ಬರುತ್ತಿದ್ದರು. ನನ್ನ ನಗು ಅಲ್ಲಿಗೇ ನಿಂತಿತು.

ವಿಷಯ ಹೇಳಿದರೆ ಅವರು ನನಗೇ ನಕ್ಕರು. "ನಿನ್ನ ಮಂಡೆ ಸಮ ಉಂಟಾ ಮಾರಾಯ್ತಿ? ಅವರ ಮನೆ ಎಲ್ಲಿ, ನಮ್ಮ ಸುರಂಗ ಎಲ್ಲಿ!" ನಾನು ಬಿಡಲಿಲ್ಲ. ನಾಳೆ ನಾನು ಮೇಲೆ ಇರುತ್ತೇನೆ, ನೀವು ಮೂರು ಸಲ ಬಡಿದು ನಿಲ್ಲಿಸಿ, ಆಮೇಲೆ ಎರಡು ಸಲ ಬಡಿಯಿರಿ ಎಂದೆ. ಹೆಂಡತಿಯ ಕಾಟ ತಾಳಲಾರದೆ ಒಪ್ಪಿದರು.

ಮರುದಿನ ಆ ಕೋಣೆಯ ತಣ್ಣಗಿನ ಟೈಲ್ಸಿನ ಮೇಲೆ ಚಿಕ್ಕಮ್ಮನ ಪಕ್ಕದಲ್ಲಿ ಕುಳಿತೆ. ಮೊದಲು ಎಂತದೂ ಇಲ್ಲ. ಆಮೇಲೆ ಕಿವಿಗಿಂತ ಮುಂಚೆ ನನ್ನ ಅಂಗಾಲಿಗೆ ಗೊತ್ತಾಯಿತು. ಮೂರು ಬಡಿತ, ಮೌನ, ಮತ್ತೆ ಎರಡು. ಚಿಕ್ಕಮ್ಮ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಗೋಡೆ ನೋಡಿದೆ. ತೂಗುಹಾಕಿದ್ದ ಕ್ಯಾಲೆಂಡರಿನ ಎರಡೂ ಬದಿಗೆ ಒಂದು ಬಿರುಕು ಇಣುಕುತ್ತಿತ್ತು. ಕಿಟಕಿಯ ಹೊರಗೆ, ಮಳೆಗಾಲಕ್ಕೆ ಮೊದಲು ಮಹಡಿ ಏರಿಸಲೆಂದು ತರಿಸಿದ ಕೆಂಪುಕಲ್ಲಿನ ರಾಶಿ ಕಾಣುತ್ತಿತ್ತು.

ಬಿಸಿ ತುಪ್ಪ ಎಂದರೆ ಇದು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಳಿದರೆ ಅವರು ಮೊದಲು ಮಾಡುವ ಕೆಲಸ ಸುರಂಗಕ್ಕೆ ಕಾಂಕ್ರೀಟು ತುಂಬಿಸುವುದು, ಅಲ್ಲಿಗೆ ನಮ್ಮ ನೀರು ಮುಗಿಯಿತು. ಹೇಳದಿದ್ದರೆ ಮೂರು ಜೀವ ಆ ಪೊಳ್ಳು ನೆಲದ ಮೇಲೆ ಮಲಗುತ್ತವೆ. ಹಾಳಾಗಿ ಹೋಗಲಿ ನೀರು ಎಂದುಕೊಂಡು ಹೇಳಿಯೇಬಿಟ್ಟೆ. "ಚಿಕ್ಕಮ್ಮಾ, ಅದು ದೈವ ಅಲ್ಲ. ಕೆಳಗೆ ನಮ್ಮ ಸುರಂಗ ಉಂಟು. ಬಡಿಯುವುದು ನಿಮ್ಮ ಅಳಿಯ."

ಚಿಕ್ಕಮ್ಮ ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೆ ಮರೆಯಲಾರೆ. "ದೈವದ ಸದ್ದನ್ನು ನಿನ್ನ ಗಂಡನದ್ದು ಅಂತ ಹೇಳ್ತೀಯಲ್ಲ, ನಾಲಗೆ ಹೇಗೆ ಬಂತು ನಿನಗೆ? ತಪ್ಪು ಕಾಣಿಕೆ ಹಾಕಿ ಹೋಗು."

ಗಲ್ಫಿನಲ್ಲಿದ್ದ ಅವರ ಮಗನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಹೇಳಿದ: "ಅಕ್ಕಾ, ನಾನು ಮಹಡಿ ಕಟ್ಟುವುದು ನಿಮಗೆ ಕಣ್ಣಿಗೆ ಚುಚ್ಚುವುದಾ? ಇಲ್ಲ, ಸುರಂಗದ ಹೆಸರಿನಲ್ಲಿ ಗುಡ್ಡೆಯ ಮೇಲೆ ಹಕ್ಕು ಹೇಳುವ ಅಂದಾಜಾ?" ನನಗೆ ಸಿಟ್ಟು ನೆತ್ತಿಗೇರಿತು. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದ ಹುಡುಗ ಇವನು. ಬಾಯಿಗೆ ಬಂದದ್ದು ಹೇಳಿ ಫೋನ್ ಇಟ್ಟೆ. ಸೊಸೆಗೆ ಹೇಳಿದರೆ, ಅತ್ತೆಯ ಮಾತು ಮೀರಿ ನಾನೆಂತ ಮಾಡಲಿ ಎಂದು ತಲೆ ತಗ್ಗಿಸಿದಳು.

ಗಂಡ ಕೊರೆಯುವುದನ್ನು ಅಂದೇ ನಿಲ್ಲಿಸಿದರು. ಒಮ್ಮೆ ಟಾರ್ಚು ಹಿಡಿದು ಒಳಗೆ ಹೋಗಿ ನೋಡಿ ಬಂದರು. ಸುರಂಗದ ಕೊನೆಯಲ್ಲಿ ಮೇಲಿನಿಂದ ಒಂದು ದೊಡ್ಡ ಹೆಂಟೆ ಕಳಚಿ ಬಿದ್ದಿದೆ ಎಂದರು. ಆ ವಾರವೇ ಮಳೆ ಹಿಡಿಯಿತು. ಟಾಂಕಿಗೆ ಬೀಳುವ ನೀರು ಮಣ್ಣು ಕಲಸಿ ಕೆಂಪಾಯಿತು. ಎಷ್ಟು ಸೋಸಿದರೂ ತಿಳಿಯಾಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಚಿಕ್ಕಮ್ಮ ತಾವಾಗಿಯೇ ಫೋನ್ ಮಾಡಿದರು. ಸ್ವರದಲ್ಲಿ ಎಷ್ಟೋ ದಿನದಿಂದ ಕೇಳದ ಸಂತೋಷ.

"ನೋಡು, ನೀನು ಎಂತೆಂತದೋ ಹೇಳಿದೆ. ದೈವಕ್ಕೆ ಸಮಾಧಾನ ಆಗಿದೆ. ಈಗ ಬಡಿಯುವುದೇ ಇಲ್ಲ. ಮೆಲ್ಲ ಒಂದು ಸದ್ದು ಮಾತ್ರ, ಅಕ್ಕಿ ಸುರಿದ ಹಾಗೆ. ಕೇಳಿದರೆ ನಿದ್ರೆ ಬರ್ತದೆ. ಮಗುವನ್ನು ಇವತ್ತು ಅಲ್ಲಿಯೇ ಮಲಗಿಸಿದ್ದೇನೆ."

ಚಪ್ಪಲಿ ಹಾಕಲೂ ನಿಲ್ಲದೆ ಮಳೆಯಲ್ಲಿ ಗುಡ್ಡ ಹತ್ತಿದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು. ಅವರನ್ನು ದಾಟಿ ಒಳಗೆ ನುಗ್ಗಿ, ಚಾಪೆಯ ಮೇಲೆ ಮಲಗಿದ್ದ ಮಗುವನ್ನು ಬಾಚಿ ಎತ್ತಿಕೊಂಡೆ. ಕಾಲಡಿಯಲ್ಲಿ ಆ ಸದ್ದು ನನಗೂ ಕೇಳಿತು. ಅಕ್ಕಿ ಸುರಿದ ಹಾಗೆಯೇ ಇತ್ತು. "ನೀವೂ ಬನ್ನಿ ಚಿಕ್ಕಮ್ಮಾ, ನಿಮ್ಮ ದಮ್ಮಯ್ಯ," ಎಂದು ಅವರ ಕೈ ಹಿಡಿದು ಎಳೆದೆ. ಅವರು ಕೈ ಕೊಡವಿದರು. ಮಗುವಿನೊಂದಿಗೆ ಅಂಗಳ ದಾಟುತ್ತಿದ್ದಾಗ ಹಿಂದಿನಿಂದ ಅವರು ಕೂಗಿದ್ದು ಕೇಳಿಸಿತು.

"ನೆಲದಡಿ ತಿಂದದ್ದು ಸಾಕಾಗಲಿಲ್ಲವಾ? ಈಗ ಮಗುವೂ ಬೇಕಾ ನಿನಗೆ?"

ನಾನು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದೆ. ಚಿಕ್ಕಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.