ಅಕ್ಕನ ಕಪ್ಪು ಚಟ್ನಿ, ನನ್ನ ಬಿಳಿ ಸಾಸು

ಅಕ್ಕನ ಹುಚ್ಚೆಳ್ಳು ಚಟ್ನಿಯನ್ನು ಕಡೂರಿನಲ್ಲಿ ಯಾರೂ ಬೇಡ ಅಂದಿರಲಿಲ್ಲ. ಇಷ್ಟೇ ಇಷ್ಟು ಮಾತನ್ನು ಅವಳಿಗೆ ಹೇಳಲು ನನ್ನಿಂದ ವರ್ಷಗಟ್ಟಲೆ ಆಗಲಿಲ್ಲ. ದಿನವಿಡೀ ಬಂದುಹೋಗುವವರನ್ನೆಲ್ಲ “ಖಾರ ಹಾಕ್ಲಾ, ಸಾಸ್ ಹಾಕ್ಲಾ” ಎಂದು ಬಾಯಿ ನೋಯುವಷ್ಟು ಮಾತಾಡಿಸುವ ನಾನು ಒಡಹುಟ್ಟಿದವಳ ಮುಂದೆ ಮಾತ್ರ ತುಟಿ ಹೊಲಿದುಕೊಂಡಿದ್ದೆ.

ಮೊನ್ನೆ ಬೆಳಿಗ್ಗೆ ಮೇಯನೀಸ್ ಎಂಬ ಬಿಳಿ ಸಾಸಿನ ಬಾಟಲಿಯ ಮೂತಿ ಕಟ್ಟಿಕೊಂಡಿತ್ತು. ಪಿನ್ನಿನಿಂದ ಚುಚ್ಚಿದೆ, ಅದುಮಿದೆ, ಅದರ ವಂಶವನ್ನೆಲ್ಲ ಬೈದೆ. ಅದು ಅಷ್ಟೂ ಹೊತ್ತು ಸುಮ್ಮನಿದ್ದು, ಆಮೇಲೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಒಂದೇ ಸಲಕ್ಕೆ ನನ್ನ ಅಂಗಿಯ ಮೇಲೆ ಕಕ್ಕಿತು. ಒರೆಸಿಕೊಳ್ಳುತ್ತ ಬೆರಳು ನೆಕ್ಕಿ ನೋಡಿದೆ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಂತೂ ಅದರ ಬೀದಿಯಲ್ಲೇ ಹಾದುಹೋಗಿಲ್ಲ. ಈ ಸುಣ್ಣದ ನೀರಿಗಾಗಿ ನಾನು ಅಕ್ಕನನ್ನು ಕಳೆದುಕೊಂಡೆನಲ್ಲ ಎಂದು, ಅಂಗಿಯ ಮೇಲಿನ ಕಲೆಗಿಂತ ಹೆಚ್ಚು ಬೇಜಾರಾಯಿತು.

ಕಡೂರು ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಸ್ಯಾಂಡ್‌ವಿಚ್ ಅಂಗಡಿ. ಅಂಗಡಿ ಎನ್ನುವುದು ನನ್ನ ದೊಡ್ಡಸ್ತಿಕೆ. ಅಡ್ಡಡ್ಡ ನಿಂತರೆ ನಾನೇ ಬಾಗಿಲು. ಓದಿದ್ದು ಕಡಿಮೆ, ಆದರೆ ಜನರನ್ನು ಸಾಸಿನಿಂದ ಓದುವುದನ್ನು ಕಲಿತಿದ್ದೇನೆ. “ಸ್ವಲ್ಪ ಹಾಕಿ” ಎನ್ನುವವರು ಯಾರೂ ನೋಡದಿದ್ದಾಗ ಬಾಟಲಿಯನ್ನೇ ಬಗ್ಗಿಸುತ್ತಾರೆ. ಹಣೆತುಂಬ ವಿಭೂತಿ ಧರಿಸಿದ ಹಿರಿಯರೊಬ್ಬರು ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ ಎಂದು ನಿಯಮ ಹೇಳಿ, ಎರಡೂ ಅರೆದು ಹಾಕಿದ ಕೆಂಪು ಸಾಸಿನಲ್ಲಿ ಬ್ರೆಡ್ಡಿಗೆ ಸ್ನಾನ ಮಾಡಿಸುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಅವರ ಪುಣ್ಯ ಕೆಡಿಸಿ ನನಗೇನಾಗಬೇಕು?

ಬೆಟ್ಟದ ಮೇಲಿನ ರೆಸಾರ್ಟಿನಲ್ಲಿ ಅಡುಗೆ ಮಾಡುವ ತರೀಕೆರೆಯವನೊಬ್ಬ ಊರಿಗೆ ಹೋಗುವಾಗ ನನ್ನಲ್ಲಿ ಕೂತು ಬಸ್ಸಿಗೆ ಕಾಯುತ್ತಾನೆ. ಒಮ್ಮೆ ಅವನು ಸ್ಟೀಕ್ ಎಂಬ ತಿನಿಸಿನ ಪುರಾಣ ಬಿಚ್ಚಿದ.

“ದಪ್ಪ ಮಾಂಸದ ತುಂಡು ಕಣಣ್ಣ. ಉಪ್ಪು, ಮೆಣಸು, ಬೆಂಕಿ. ಅಷ್ಟೆಯಾ. ಅದ್ರ ಮ್ಯಾಲೆ ಸಾಸ್ ಸುರ್ಕೊಂಡ್ರೆ ಅಡಿಗೆಯೋನ ಮುಖಕ್ಕೆ ಉಗ್ದಂಗೆ.”

“ನೀನು ತಿಂದಿದ್ಯೇನೋ?”

“ನಾವು ಸ್ಟಾಫು. ನಮ್ಗೆ ಅನ್ನ ಸಾರು.”

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ನನಗೂ ಆ ತುಂಡಿಗೂ ಈ ಜನ್ಮದಲ್ಲಿ ಭೇಟಿಯಿಲ್ಲ. ಆದರೂ ಅವನ ಮಾತು ನನಗೇ ಚುಚ್ಚಿತು. ಏಕೆಂದರೆ ಉಗಿಯುವ ಕೆಲಸವನ್ನು ನಾನು ಆಗಲೇ ಮಾಡಿ ಮುಗಿಸಿದ್ದೆ.

ಅಕ್ಕ ಪಾರ್ವತಿಯನ್ನು ಶಿವನಿ ಎಂಬ ಊರಿಗೆ ಕೊಟ್ಟಿದೆ. ಅವರ ರಾಗಿ ಹೊಲದಲ್ಲಿ ಅಲ್ಲಲ್ಲಿ ಒಂದು ಸಾಲು ಹುಚ್ಚೆಳ್ಳು ಬಿಡುತ್ತಿದ್ದರು. ಹೂ ಬಿಟ್ಟಾಗ ಹಸಿರು ಸೀರೆಗೆ ಹಳದಿ ಅಂಚು. ಆ ಎಳ್ಳನ್ನು ಚಟಪಟ ಎನ್ನುವಂತೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಚೂರು ಬೆಲ್ಲ ಸೇರಿಸಿ, ಎಣ್ಣೆ ಬಿಡುವ ತನಕ ಅರೆಯುವುದು ಅವಳ ಕೈಚಳಕ. ನಾನು ಅಂಗಡಿ ಶುರು ಮಾಡಿದಾಗ ಬಂದವಳು ನನ್ನ ಸ್ಯಾಂಡ್‌ವಿಚ್ಚನ್ನು ಬಿಡಿಸಿ ಒಳಗೆ ಇಣುಕಿದಳು.

“ಇದೇನೋ, ಹಸೀ ಸೌತೇಕಾಯ್ನ ಬ್ರೆಡ್ ಮ್ಯಾಲೆ ಮಲಗ್ಸಿದ್ದೀಯ. ಪಾಪ, ಹೊದ್ಯಕ್ಕೇನೂ ಬ್ಯಾಡ್ವಾ?”

ಆಮೇಲಿಂದ ಡಬ್ಬಿ ಬರತೊಡಗಿತು. ಶಿವನಿಯಿಂದ ರೈಲಿನಲ್ಲಿ ಹೂ ಮಾರಲು ಬರುವ ತಿಪ್ಪಮ್ಮ ಹೂವಿನ ಬುಟ್ಟಿಯೊಳಗೆ ಚಟ್ನಿ ಡಬ್ಬಿ ಇಟ್ಟು ತರುತ್ತಿದ್ದಳು. ಚಟ್ನಿಗೆ ಮಲ್ಲಿಗೆ ವಾಸನೆ, ಮಲ್ಲಿಗೆಗೆ ಬೆಳ್ಳುಳ್ಳಿ ವಾಸನೆ. ಎರಡಕ್ಕೂ ಗಿರಾಕಿ ಕಡಿಮೆಯಾಗಲಿಲ್ಲ. ಬ್ರೆಡ್ಡಿಗೆ ಬೆಣ್ಣೆ, ಅದರ ಮೇಲೆ ಆ ಕಪ್ಪು ಚಟ್ನಿ ಸವರಿ ಕೊಟ್ಟರೆ ಜನ ಬಸ್ಸು ತಪ್ಪಿಸಿಕೊಂಡೂ ಇನ್ನೊಂದು ತಿನ್ನುತ್ತಿದ್ದರು. “ಅಕ್ಕಂದು ಹಾಕು” ಎನ್ನುವುದೇ ಮಾತಾಯಿತು. ನನ್ನದು ಹಾಕು ಎಂದು ಯಾರೂ ಕೇಳಲಿಲ್ಲ. ನನ್ನದೂ ಒಂದಿತ್ತು: ಹುಮ್ಮಸ್ಸಿನಿಂದ ತಂದಿಟ್ಟ ಮೇಯನೀಸ್. ಬೆಳ್ಳಗೆ, ನುಣ್ಣಗೆ, ಪೇಟೆಯ ಠೀವಿಯಲ್ಲಿ ಮೂಲೆಯಲ್ಲಿ ನಿಂತಿತ್ತು, ಯಾರೂ ಕೈಹಿಡಿಯದ ವರನಂತೆ.

ಒಂದು ದಿನ ಲೈನ್‌ಮನ್ ರುದ್ರಣ್ಣ ತುಂಬಿದ ಬಾಯಲ್ಲೇ ಅಂದ: “ನೀನು ಬ್ರೆಡ್ ಕುಯ್ಯಕ್ಕೆ ಸರಿ ಕಣೋ. ಅಂಗ್ಡಿ ನಡ್ಸ್ತಿರೋದು ನಿಮ್ಮಕ್ಕ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲೆಯಲ್ಲೂ ಮೇಷ್ಟ್ರು “ನಿಮ್ಮಕ್ಕನ ತಲೇಲಿ ಅರ್ಧ ಇದ್ದಿದ್ರೆ” ಎನ್ನುತ್ತಿದ್ದರು. ಅವರಿಂದ ತಪ್ಪಿಸಿಕೊಳ್ಳಲು ಶಾಲೆ ಬಿಟ್ಟೆ. ಅಂಗಡಿಯಿಂದ ಎಲ್ಲಿಗೆ ಓಡಲಿ?

ನಮ್ಮ ಕಡೆ ಯಾರದೇ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅಕ್ಕನ ಡಬ್ಬಿಯಲ್ಲಿ ನಾನು ಬಾಳೆಹಣ್ಣೋ ಬನ್ನೋ ಇಟ್ಟು ಕಳಿಸುತ್ತಿದ್ದೆ. ಆ ದಿನ ಮೇಯನೀಸಿನ ಪುಟ್ಟ ಪ್ಯಾಕೆಟ್ಟುಗಳನ್ನು ತುಂಬಿದೆ. ಸಂಪ್ರದಾಯ ಬಿಡಲಿಲ್ಲ ನೋಡಿ! ತಿಪ್ಪಮ್ಮನ ಕೈಗೆ ಕೊಟ್ಟು, “ಜನ ಚಟ್ನಿ ಬ್ಯಾಡ ಅಂತಾರೆ ಅಂತ ಹೇಳು. ಲಾರಿ ಗ್ರೀಸ್ ಇದ್ದಂಗೈತಂತೆ. ಈಗೆಲ್ರೂ ಬಿಳೀದೇ ಕೇಳ್ತಾರೆ” ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. “ಹಂಗೇ ಹೇಳ್ಲಾ?”

“ಹಂಗೇ ಹೇಳು.”

ತಿಪ್ಪಮ್ಮ ಹೂವನ್ನು ಬಾಡಿಸಬಹುದು, ಮಾತನ್ನು ಬಾಡಿಸುವವಳಲ್ಲ. ಡಬ್ಬಿ ಮತ್ತೆ ಬರಲಿಲ್ಲ.

ಗಿರಾಕಿಗಳಿಗೆ ಅಕ್ಕನಿಗೆ ಕೈನೋವು ಎಂದೆ. ಅದು ಮೊದಲ ಸುಳ್ಳಿಗೆ ಕೊಟ್ಟ ಊರುಗೋಲು. ಯಗಟಿಯ ಅಜ್ಜಿಯೊಬ್ಬಳು ಪಾಪ ಎಂದು ನೋವಿನ ಎಣ್ಣೆಯ ಶೀಶೆ ತಂದುಕೊಟ್ಟಳು. ಅದನ್ನು ನನ್ನ ಮೊಣಕಾಲಿಗೆ ತಿಕ್ಕಿಕೊಂಡೆ. ಚೆನ್ನಾಗಿಯೇ ಕೆಲಸ ಮಾಡಿತು.

ಸ್ವಲ್ಪ ಕಾಲದ ಮೇಲೆ ಶಿವನಿಗೆ ಹೋದಾಗ ಅಕ್ಕ ಬಿಸಿ ರಾಗಿರೊಟ್ಟಿಗೆ ಉಪ್ಪಿನಕಾಯಿ ಹಾಕಿಕೊಟ್ಟಳು. ಎಷ್ಟು ಭಂಡನೆಂದರೆ, “ಚಟ್ನಿ ಇಲ್ವಾ?” ಎಂದು ನಾನೇ ಕೇಳಿದೆ.

“ಬಿಟ್ಬಿಟ್ಟೆ ಕಣೋ. ಊರೋರ್ಗೆ ಬ್ಯಾಡಾದ್ದನ್ನ ಮನೆಯೋರ ತಟ್ಟೆಗೆ ಬಡ್ಸೋದು, ಅವ್ರು ನನ್ನ ಮುಖ ನೋಡ್ಕಂಡು ಚೆನ್ನಾಗೈತೆ ಅನ್ನೋದು... ಯಾತಕ್ಕೆ?”

ಹೊಲದಲ್ಲಿ ಹಳದಿ ಸಾಲು ಇರಲಿಲ್ಲ. ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂತು. “ಉಪ್ಪಿನ್ಕಾಯಿ ಚೆನ್ನಾಗೈತೆ” ಎಂದೆ.

ಆಮೇಲೆ ಕಡೂರಿಗೆ ಬಂದರೂ ಅವಳು ನನ್ನ ಅಂಗಡಿಯ ಕಡೆ ಸುಳಿಯುತ್ತಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚಟ್ನಿ ತಿಂದವರು ಯಾರಾದರೂ ಗುರುತು ಹಿಡಿದಾರು ಎಂಬಂತೆ ಬೇಗಬೇಗ ನಡೆದುಬಿಡುತ್ತಿದ್ದಳು. ಆಗೆಲ್ಲ ನಾನು ಸೌತೆಕಾಯಿ ಹೆಚ್ಚುವುದರಲ್ಲಿ ಮಗ್ನನಾಗುತ್ತಿದ್ದೆ. ಅಷ್ಟು ತೆಳ್ಳಗೆ ಸೌತೆಕಾಯಿ ಹೆಚ್ಚುವವನು ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಬಾಟಲಿ ನನ್ನ ಮೇಲೆ ಕಕ್ಕಿದ ದಿನವೇ ಮಧ್ಯಾಹ್ನ ಸಿಂಗಟಗೆರೆಯ ಬಸ್ಸು ಕೆಟ್ಟು ನಿಂತಿತು. ನೆಂಟರ ಮನೆಗೆ ಹೊರಟಿದ್ದ ಅಕ್ಕ ಬಿಸಿಲು ತಾಳಲಾರದೆ ಬಂದು ನನ್ನ ಸ್ಟೂಲಿನ ಮೇಲೆ ಕೂತಳು, ಗೋಡೆಯ ಕಡೆ ಮುಖ ಮಾಡಿ. ನಾನು ಸುಮ್ಮನೆ ಫೋನು ಒತ್ತುತ್ತ ನಿಂತೆ. ಆಗ ರುದ್ರಣ್ಣ ಬಂದ. ಬೆನ್ನು ತಿರುಗಿಸಿ ಕೂತವಳು ಯಾರೆಂದು ಅವನಿಗೆ ಗೊತ್ತಿಲ್ಲ.

“ಏನಪ್ಪಾ, ನಿಮ್ಮಕ್ಕನ ಕೈ ಇನ್ನೂ ವಾಸಿ ಆಗ್ಲಿಲ್ವಾ? ಆ ಕಪ್ಪು ಚಟ್ನಿ ಯಾವಾಗ್ಲೋ ಮತ್ತೆ? ಈ ಸುಣ್ಣ ತಿಂದೂ ತಿಂದೂ ನಾಲ್ಗೆ ಗೋಡೆ ಆಗೋಗೈತೆ.”

ನಾನು ಬೇಗಬೇಗ ಅವನಿಗೊಂದು ಸ್ಯಾಂಡ್‌ವಿಚ್ ಮಾಡಿಕೊಟ್ಟೆ. ಅವನು ತಿಂದು ಹೋದ. ಅಕ್ಕ ನಿಧಾನವಾಗಿ ತಿರುಗಿದಳು. ಸಿಟ್ಟಿಲ್ಲ, ಮುಖದ ತುಂಬ ನಗು.

“ಏನ್ಲಾ, ಆಗ್ಲೇ ಫೋನ್ ಒತ್ತುತಿದ್ದಿದ್ದು ಇದಕ್ಕೇಯಾ? ನನ್ನ ಬೇಜಾರು ಹೋಗ್ಲಿ ಅಂತ ಪಾಪದೋನ್ನ ಕರ್ಸಿ ಹೇಳ್ಕೊಟ್ಟಿದ್ದೀಯ! ಅದ್ರ ಜೊತೆಗೆ ಕೈನೋವು ಬೇರೆ! ನಂಗೆ ಬೇಜಾರಿಲ್ಲ ಕಣಪ್ಪಾ. ಜನಕ್ಕೆ ಸೇರ್ಲಿಲ್ಲ, ಬಿಡು. ನೀನು ಇಷ್ಟು ಮಾಡಿದ್ಯಲ್ಲ, ಅದೇ ಸಾಕು.”

ಬೈದಿದ್ದರೆ ಬಚಾವಾಗುತ್ತಿದ್ದೆ. ತಿರುಗಿ ಬೈದು, ಜಗಳವಾಡಿ, ಹೇಗೋ ದಾಟಿಬಿಡುತ್ತಿದ್ದೆ. ಅವಳು ನನ್ನ ಕೇಡನ್ನು ಪ್ರೀತಿ ಎಂದುಕೊಂಡು ಸೆರಗಿನ ತುದಿಯಲ್ಲಿ ಕಣ್ಣು ಒತ್ತಿಕೊಂಡಳು. ಹೌದು ಅಂದುಬಿಡು, ಒಳ್ಳೆಯ ತಮ್ಮನೆನಿಸಿಕೊ ಎಂದು ಒಳಗಿನಿಂದ ಯಾರೋ ಹೇಳಿದರು. ಆ ದನಿ ನನ್ನದೇ. ಹೊರಗೆ ಕಂಡಕ್ಟರ್ ಬೇರೆ ಬಸ್ಸು ಹತ್ತಿ ಎಂದು ಕೂಗುತ್ತಿದ್ದ. ಅಕ್ಕ ಚೀಲ ಎತ್ತಿಕೊಂಡಳು. ನಾನು ಬಾಗಿಲಿಗೆ ಅಡ್ಡಡ್ಡ ನಿಂತೆ.

“ಯಾರ್ಗೂ ಏನೂ ಹೇಳ್ಕೊಟ್ಟಿಲ್ಲ ಕಣಕ್ಕಾ. ಅವನು ದಿನಾ ಕೇಳ್ತಾನೆ. ಎಲ್ರೂ ಕೇಳ್ತಾರೆ. ಬ್ಯಾಡ ಅಂದಿದ್ದು ಊರಲ್ಲ, ನಾನು. ಎಲ್ರೂ ನಿನ್ನೇ ಹೊಗಳ್ತಿದ್ರು, ನಂಗೆ ತಡ್ಕಳಕ್ಕಾಗ್ಲಿಲ್ಲ. ಸುಳ್ಳು ಹೇಳ್ಬಿಟ್ಟೆ. ತಪ್ಪಾಯ್ತಕ್ಕಾ.”