ಗುಲಾಮಹುಸೇನ ಮಾಸ್ತರರ ಹೊಸ ಬೂಟು

ನವಲಗುಂದ ಕಡೆಯ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕಲಿಸುವ ಗುಲಾಮಹುಸೇನ ಮಾಸ್ತರು ಗೆದ್ದರೆ ಹುಡುಗರಿಗೆ ಒಂದು ಕಪ್ ಚಹಾ ಕುಡಿಸುತ್ತಾರೆ, ಸೋತರೆ ಮಾತು ಜಾಸ್ತಿ ಇರುತ್ತದೆಂದು ಎರಡು ಕಪ್. ಅವರು ಸೀಟಿ ಊದಿದರೆ ಆಚೆ ಹೊಲದ ಎತ್ತುಗಳೂ ನಿಲ್ಲುತ್ತವೆ. ಎರೆಮಣ್ಣಿನಲ್ಲಿ ಬರಿಗಾಲಲ್ಲೇ ಆಡಿ ಬೆಳೆದ ಹುಡುಗರಿಗೆ ಈ ವರ್ಷ ಹೊಸ ಬೂಟು ಬಂದಾಗ, ಹೊಲಸಾಗಬಾರದೆಂದು ಮಾಸ್ತರು ಅವನ್ನು ಪಂದ್ಯದ ದಿನದವರೆಗೂ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಮೊನ್ನೆ ಪಂದ್ಯದಲ್ಲಿ ಅವನ್ನು ಮೊದಲ ಸಲ ಹಾಕಿಕೊಂಡು ಎಲ್ಲರೂ ಕುಂಟಿ, ನಾಲ್ಕು ಗೋಲಿನಿಂದ ಸೋತು ಬಂದರು. “ಹುಡುಗರದೇನೂ ತಪ್ಪಿಲ್ರಿ, ಕೀಲಿ ಹಾಕಿದಾಂವ ನಾ,” ಎಂದು ಪ್ರಿನ್ಸಿಪಾಲರಿಗೆ ಹೇಳಿದ ಮಾಸ್ತರು, ಬೂಟು ಕಾಲಿಗೆ ಪಳಗಲೆಂದು, ಅಂದಿನಿಂದ ಯಾರಿಗೂ ಅದನ್ನು ಬಿಚ್ಚಲು ಬಿಟ್ಟಿಲ್ಲ: ಕ್ಲಾಸಿಗೂ ಬೂಟು, ಬಸ್ಸಿಗೂ ಬೂಟು, ಹೊಲಕ್ಕೂ ಬೂಟು. ಶನಿವಾರದ ಪಂದ್ಯವೂ ಸೋತರೆ ಈ ವರ್ಷದ ಆಟವೇ ಮುಗಿಯುತ್ತದೆ. “ಸರ್, ಹಿಮ್ಮಡಿ ಸುಲದಾವ್ರಿ, ಇವತ್ತೊಂದಿನ ಬಿಡ್ರಿ,” ಎಂದು ಮೈದಾನದ ಸುತ್ತ ಓಡುತ್ತಿದ್ದ ತಂಡದ ನಾಯಕ ಯಲ್ಲೇಶ ಅಂಚಿನಲ್ಲಿ ಕುಸಿದು ಕುಳಿತ. “ನೀ ಹಿಂಗ ಕುಂತ್ರ ಶನಿವಾರ ನಿಮ್ಮ ಕಾಕಾ ಬಂದು ಆಡ್ತಾನೇನಲೇ?” ಎನ್ನುತ್ತ ಮಾಸ್ತರು ಅವನ ಬಾಜು ಕುಳಿತು, ತಮ್ಮ ಕಾಲಲ್ಲಿದ್ದ ಹೊಸ ಬೂಟು ಬಿಚ್ಚಿದರು. ಐವತ್ತೈದು ದಾಟಿದ ಆ ಹಿಮ್ಮಡಿಗಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆಯ ಮೇಲೆ ರಕ್ತ ಒಣಗಿತ್ತು. ಅದನ್ನೇ ಬಿಗಿಯಾಗಿ ಕಟ್ಟಿ, ಮತ್ತೆ ಬೂಟು ಏರಿಸಿ, “ಇನ್ನ ನಾಕ್ ಸುತ್ತ ಐತಿ, ನಡಿ,” ಎಂದು ತಾವೇ ಮುಂದೆ ಓಡಿದರು.